ಇರಾಣದ ಗುಡ್ಡದಲ್ಲಿ ಒಂದು ಹಗೇವು

ಚಳಿ ಎಂದರೇನೆಂದು ನಮ್ಮ ಹುಬ್ಬಳ್ಳಿಯವರಿಗೆ ಗೊತ್ತಿಲ್ಲ. ಗೊತ್ತಿದೆ ಎಂದು ತಿಳಿದಿದ್ದೇವೆ, ಅಷ್ಟೇ. ಮಾರ್ಗಶಿರದಲ್ಲಿ ಒಂದು ದಿನ ಬೆಳಗಿನ ಗಾಳಿ ತುಸು ಚುರುಗುಟ್ಟಿದರೆ ಸಾಕು, ಕಿವಿಗೆ ವಲ್ಲಿ ಸುತ್ತಿಕೊಂಡು, ಓಣಿಯ ಕಸಕ್ಕೆ ಬೆಂಕಿ ಹಚ್ಚಿ, ಅಂಗೈ ಕಾಸುತ್ತ "ಈ ಸಲ ಥಂಡಿ ಭಾಳ ಐತ್ರಿ" ಎನ್ನುತ್ತೇವೆ. ನಾನೂ ಹಾಗೆ ಅಂದವನೇ. ಇರಾಣದ ಗುಡ್ಡಗಳಲ್ಲಿ, ಒಂದು ಎಣ್ಣೆ ಬಾವಿಯ ಬುಡದಲ್ಲಿ ಚಳಿಗಾಲ ಕಳೆದು ಬಂದ ಮೇಲೆ ಹಾಗೆ ಅನ್ನುವುದನ್ನು ಬಿಟ್ಟಿದ್ದೇನೆ. ಸಿಕ್ಕವರೆಲ್ಲ ನನ್ನನ್ನು ಅಲ್ಲಿಯ ಎಣ್ಣೆಯ ವಿಷಯ ಕೇಳುತ್ತಾರೆ. ಹೇಳಲಿಕ್ಕೆ ಎಣ್ಣೆಯ ಮಾತು ನನ್ನ ಹತ್ತಿರ ಸ್ವಲ್ಪವೇ ಇದೆ, ನೀರಿನ ಮಾತು ಬಹಳ ಇದೆ.

ಹುಬ್ಬಳ್ಳಿ ಸ್ಟೇಷನ್ನು

ನಾನು ಆಗ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಇರಾಣದಲ್ಲಿ ಎಣ್ಣೆ ಬಾವಿ ಕೊರೆಯುವ ಒಂದು ಕಂಪನಿಗೆ ಉಗಿಯಂತ್ರದ ಕೆಲಸ ಬಲ್ಲವರು ಬೇಕು, ಒಂದು ವರ್ಷದ ಕರಾರು ಎಂದು ಸುದ್ದಿ ಬಂತು. ಹೆಸರು ಕೊಟ್ಟುಬಿಟ್ಟೆ. ದೇಶ ನೋಡುವ ಹುಚ್ಚು, ಬೇರೇನೂ ಅಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಮಾತನ್ನು ಮಿಶನ್ ಶಾಲೆಯಲ್ಲಿ ಪಾಟಿಯ ಮೇಲೆ ಹತ್ತು ಸಲ ತಿದ್ದಿ ಬರೆದವನು ನಾನು. ಬರೆದದ್ದು ಪಾಟಿಯ ಮೇಲೆಯೇ ಉಳಿದಿತ್ತು, ತಲೆಗೆ ಇಳಿದಿರಲಿಲ್ಲ.

ಆಗ ನನ್ನ ಹೆಂಡತಿ ರಾಹೇಲ ಐದು ತಿಂಗಳ ಬಸುರಿ. ಸ್ಟೇಷನ್ನಿಗೆ ಬಂದವಳು ಅಳಲಿಲ್ಲ, ಬೈಯಲಿಲ್ಲ. ಗಾಡಿ ಸೀಟಿ ಹೊಡೆದ ಮೇಲೆ ಕಿಟಕಿಯ ಹತ್ತಿರ ಬಂದಳು.

"ನೀವು ಬರೂತನಾ ಕೂಸಿಗೆ ಹೆಸರ ಇಡೂದಿಲ್ಲ ನೋಡ್ರಿ. ತಿಳೀತಿಲ್ಲೋ?"

"ಅಯ್ಯನೋರು ಅಷ್ಟ ದಿವಸ ಕಾಯತಾರೇನ? ನಿನ್ನ ಅಣ್ಣನ ಕಡಿಂದ ಹೇಳಿಸಿದ್ರ ಆತು."

"ಅಯ್ಯನೋರಿಗೆ ನಾ ಹೇಳ್ತೇನಿ. ನೀವು ಲಗೂ ಬರ್ರಿ."

ನಮ್ಮ ಕ್ರೈಸ್ತ ಸಭೆಯಲ್ಲಿ ಕೂಸಿಗೆ ದೀಕ್ಷಾಸ್ನಾನ ಕೊಡುವ ದಿನವೇ ಹೆಸರಿಡುವುದು. ಅಯ್ಯನವರು, ಎಂದರೆ ನಮ್ಮ ಪಾದ್ರಿಗಳು, ಕೂಸಿನ ಹೆಸರೇನು ಎಂದು ಕೇಳುತ್ತಾರೆ, ತಂದೆ ಎಲ್ಲರೆದುರು ನಿಂತು ಹೇಳುತ್ತಾನೆ. ತಂದೆ ಊರಲ್ಲಿಲ್ಲದಿದ್ದರೆ ಸೋದರಮಾವ ಹೇಳಿದರೂ ನಡೆಯುತ್ತದೆ. ಆದರೆ ರಾಹೇಲಳ ಹಠ ಗೋಪನಕೊಪ್ಪದ ಅವಳ ತವರಿನಲ್ಲೆಲ್ಲ ಪ್ರಸಿದ್ಧ. ಒಂದು ವರ್ಷ ತಾನೇ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದೇನು ಎಂದುಕೊಂಡೆ.

ಹಡಗು

ಮುಂಬಯಿಯಿಂದ ಹಡಗು ಹೊರಟ ಮೊದಲ ದಿನವೇ ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಕಡಲಿಗೆ ಹೋಯಿತು. ಹಡಗಿನ ಅಂಚಿನ ಕಟಾಂಜನ ಹಿಡಿದು ಬಗ್ಗಿ ನಿಂತಿದ್ದಾಗ ಹಿಂದಿನಿಂದ ಒಂದು ದನಿ ಕೇಳಿತು.

"ಏನ ತಮ್ಮಾ, ಮೀನಿಗೆ ಊಟಾ ಹಾಕಾಕತ್ತೀಯೇನು?"

ತಿರುಗಿ ನೋಡಿದರೆ ಬಿಳಿ ಗಡ್ಡದ, ಗಟ್ಟಿ ಮೈಯ ಒಬ್ಬ ಹಿರಿಯ. ಆ ಸಂಕಟದಲ್ಲೂ ಕನ್ನಡ ಕೇಳಿ ನನಗೆ ಅಳು ಬಂತು. ಅವರ ಹೆಸರು ಮೌಲಾಸಾಬ. ಊರು ಅಮ್ಮಿನಬಾವಿ. ಹುಬ್ಬಳ್ಳಿಯ ಇಂಜಿನ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ಬೆಂಕಿ ಹಾಕಿದವರು, ನಾನು ಹೊರಟ ಕೆಲಸಕ್ಕೇ ಬಾಯ್ಲರ್ ನೋಡಿಕೊಳ್ಳಲು ಹೊರಟಿದ್ದರು. ಒಂದೇ ಊರಲ್ಲಿ, ಒಂದೇ ಭೋಂಗಾ ಕೇಳಿ ಕೆಲಸಕ್ಕೆ ಹೋಗುತ್ತಿದ್ದ ನಾವಿಬ್ಬರು ಒಬ್ಬರ ಮುಖ ಒಬ್ಬರು ನೋಡಬೇಕಾದರೆ ಅರಬ್ಬಿ ಸಮುದ್ರದ ನಡುವೆ ಬರಬೇಕಾಯಿತು. ಅಂದಿನಿಂದ ಅವರು ನನಗೆ ಕಾಕಾ, ನಾನು ಅವರಿಗೆ ತಮ್ಮ.

ಬಯಲು

ಬಸರಾದಿಂದ ಮುಂದೆ ನದಿ ದೋಣಿ, ಆಮೇಲೆ ಲಾರಿ. ಮೊದಲ ಚಳಿಗಾಲ ಬಯಲಿನ ಕಾರ್ಖಾನೆಯಲ್ಲಿ ಕಳೆಯಿತು. ಅಲ್ಲಿಯ ಚಳಿ ನಮ್ಮದರ ಅಣ್ಣ, ಬಹಳವೇನೂ ದೊಡ್ಡವನಲ್ಲ. ಅಲ್ಲಿಯವರು ಚಹಾದಲ್ಲಿ ಸಕ್ಕರೆ ಹಾಕುವುದಿಲ್ಲ. ಸಕ್ಕರೆಯ ಗಟ್ಟಿಯನ್ನು ಹಲ್ಲಿನ ನಡುವೆ ಹಿಡಿದು, ಅದರ ಮೇಲಿಂದ ಚಹಾ ಹೀರುತ್ತಾರೆ. ನಾನು ಗಟ್ಟಿಯನ್ನು ಲೋಟದಲ್ಲಿ ಮುಳುಗಿಸಿ ಬೆರಳಿನಿಂದ ಕಲಕಿದೆ. ಇಡೀ ಅಂಗಡಿ ನಕ್ಕಿತು. ಹಾಲಿಲ್ಲದ ಆ ಚಹಾ ಕುಡಿಯುವಾಗಲೆಲ್ಲ ನಮ್ಮ ಮನೆಯ ಎಮ್ಮೆ ಹಾಲಿನ ಚಹಾ ನೆನಪಾಗುತ್ತಿತ್ತು.

ಆ ಚಳಿಗಾಲದ ಕೊನೆಗೆ ರಾಹೇಲಳ ಪತ್ರ ಬಂತು. "ಹೆಣ್ಣು ಕೂಸು. ಮೂಗು ನಿಮ್ಮದು, ಏನ್ ಮಾಡೂದು. ಎಲ್ಲಾರೂ ಕೂಸು ಕೂಸು ಅಂತಾರ, ಅದಕ್ಕ ಅದ ಹೆಸರ ಆಗಿ ಕುಂತೀತು, ಲಗೂ ಬರ್ರಿ." ಅದನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲಿ ಕಾಗದ ಹರಿಯಿತು. ಮೂಗಿನ ಮಾತು ಓದಿದಾಗಲೆಲ್ಲ ನನ್ನ ಮೂಗನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಗುಡ್ಡ

ಬೇಸಿಗೆಯಲ್ಲಿ ನನ್ನನ್ನೂ ಕಾಕಾನನ್ನೂ ಮೇಲಿನ ಗುಡ್ಡಕ್ಕೆ ಕಳಿಸಿದರು. ಲಾರಿ ನಿಂತಲ್ಲಿಂದ ಹೇಸರಗತ್ತೆಯ ಬೆನ್ನಿನ ಮೇಲೆ ನಾಲ್ಕು ದಿನ, ನಡುವೆ ಎತ್ತರದ ಒಂದೇ ಒಂದು ಕಣಿವೆದಾರಿ. ಅದನ್ನು ದಾಟಿದರೆ ಬೋಳು ಗುಡ್ಡಗಳ ಬೋಗುಣಿಯಲ್ಲಿ ನಮ್ಮ ಬಾವಿ. ಬಾವಿ ಎಂದರೆ ಹಗ್ಗ ರಾಟೆಯ ಬಾವಿ ಎಂದು ತಿಳಿಯಬೇಡಿ. ಮರದ ತೊಲೆಗಳ ಎತ್ತರದ ಗೋಪುರ, ಅದರಿಂದ ಉಕ್ಕಿನ ಹಗ್ಗಕ್ಕೆ ತೂಗಿದ ಭಾರದ ಉಳಿ. ಉಗಿಯಂತ್ರ ಆ ಉಳಿಯನ್ನು ಎತ್ತಿ ಎತ್ತಿ ಕುಕ್ಕುತ್ತದೆ, ಭೂಮಿ ಬೆರಳಗಲ ಬೆರಳಗಲ ಕೊರೆಯುತ್ತ ಹೋಗುತ್ತದೆ. ಬಾಯ್ಲರ್ ಆರಿದರೆ ಉಳಿ ಒಳಗೇ ಸಿಕ್ಕಿಬೀಳುತ್ತದೆ, ಮೇಲಿನಿಂದ ಮಣ್ಣು ಕುಸಿಯುತ್ತದೆ, ಎರಡು ವರ್ಷದ ಕೆಲಸ ಮಣ್ಣುಪಾಲು. ಆದ್ದರಿಂದ ಚಳಿಗಾಲದಲ್ಲೂ ಯಾರೂ ಬಿಟ್ಟು ಇಳಿಯುವಂತಿರಲಿಲ್ಲ.

ಅಲ್ಲಿಯ ದೊಡ್ಡವನು ಕೊರೆಯುವ ಸಾಹೇಬ, ಮಾತು ಕಡಿಮೆ, ಪೈಪು ಸೇದುವುದು ಹೆಚ್ಚು. ಹತ್ತಿರದ ಹಳ್ಳಿಯ ಹತ್ತೆಂಟು ಜನ ಕೂಲಿಗಳಲ್ಲಿ ನಮಗೆ ಹತ್ತಿರವಾದವನು ಅಲಿ ಮುರಾದ. ಕಾಕಾನ ಉರ್ದು, ಅವನ ಪಾರಸಿ, ನಡುವೆ ಕೈಸನ್ನೆ, ಹೀಗೆ ಮಾತು ನಡೆಯುತ್ತಿತ್ತು. ಒಂದು ದಿನ ಅವನ ಉಣ್ಣೆಯ ಟೋಪಿ ಚೆನ್ನಾಗಿದೆ ಎಂದೆ. ಟೋಪಿ ತೆಗೆದು ನನ್ನ ತಲೆಗಿಟ್ಟೇ ಬಿಟ್ಟ. ಬೇಡವೆಂದು ತಿರುಗಿ ಕೊಟ್ಟರೆ ಮುಖ ಸಣ್ಣದು ಮಾಡಿದ. ಅಲ್ಲಿಯವರ ಎದುರು ಅವರ ವಸ್ತುವನ್ನು ಹೊಗಳಬಾರದಂತೆ, ಹೊಗಳಿದರೆ ಕೊಡಲೇಬೇಕು. ಆಮೇಲೆ ಅವನ ಎದುರಿಗೆ ನಾನು ಹವಾಮಾನವನ್ನಷ್ಟೇ ಹೊಗಳುತ್ತಿದ್ದೆ. ಕೆಲವು ದಿನಕ್ಕೆ ಅದನ್ನೂ ಬಿಟ್ಟೆ.

ನನ್ನ ಕರಾರು ಮುಗಿಯುವ ಹೊತ್ತಿಗೆ ನನ್ನ ಜಾಗಕ್ಕೆ ಬೇರೆ ಫಿಟ್ಟರ್ ಬರಬೇಕಿತ್ತು. ಕಾಕಾ ಇನ್ನೊಂದು ವರ್ಷಕ್ಕೆ ಒಪ್ಪಿದ್ದರು, ನಾನು ಟ್ರಂಕು ಕಟ್ಟಿ ಕೂತಿದ್ದೆ. ದೀಪಾವಳಿಯ ಹೊತ್ತಿಗೆ ಹೊರಟೆ ಎಂದು ಮನೆಗೆ ಕಾರ್ಡನ್ನೂ ಬರೆದಿದ್ದೆ. ಕಾರ್ಡು ಹೋಯಿತು, ಫಿಟ್ಟರ್ ಬರಲಿಲ್ಲ. ಆ ವರ್ಷ ಹಿಮ ಹದಿನೈದು ದಿನ ಮೊದಲೇ ಬಿತ್ತು. ಅವನು ಕಣಿವೆಯ ಆಚೆ ಉಳಿದ, ನಾನು ಈಚೆ ಉಳಿದೆ.

ಹಿಮ

ಮೊದಲ ದಿನ ಖರೇ ಹೇಳುತ್ತೇನೆ, ಚಂದ ಕಂಡಿತು. ಹತ್ತಿ ಜಿನ್ನಿನ ಅಂಗಳದಂತೆ ಎಲ್ಲ ಬೆಳ್ಳಗೆ. ಎರಡನೆಯ ದಿನ ನಟ್ಟು ತಿರುಗಿಸುವ ಪಾನಾವನ್ನು ಬರಿಗೈಯಲ್ಲಿ ಹಿಡಿದೆ. ಕಬ್ಬಿಣ ಅಂಗೈಗೆ ಅಂಟಿತು. ಕಿತ್ತುಕೊಂಡಾಗ ಚರ್ಮ ಪಾನಾದ ಮೇಲೆ ಉಳಿಯಿತು. ಯಪ್ಪಾ ಎಂದು ಕೂಗಿದ್ದಕ್ಕೆ ಸಾಹೇಬ ನನ್ನನ್ನಲ್ಲ, ಪಾನಾವನ್ನು ನೋಡಿದ.

ಹಿಮ ಒಂದೊಂದನ್ನೇ ಹಿಡಿಯುತ್ತ ಬಂತು. ಉಕ್ಕಿನ ಹಗ್ಗ ಕೋಲಿನಂತೆ ಸೆಟೆದು ನಿಂತಿತು. ಗೋಪುರದ ಮೇಲಿನಿಂದ ಮೊಳದುದ್ದದ ಮಂಜಿನ ಕೋಲುಗಳು ಬೀಳುತ್ತಿದ್ದವು, ಕೆಳಗೆ ನಡೆಯುವವರು ತಲೆಗೆ ಬೋಗುಣಿ ಬೋರಲು ಹಾಕಿಕೊಂಡು ಓಡಬೇಕು. ಒಲೆಗೆ ಹಾಕುವ ಎಣ್ಣೆ ಡಬ್ಬಿಯಲ್ಲಿ ತುಪ್ಪದ ಹಾಗೆ ಹೆಪ್ಪುಗಟ್ಟಿತು. ಅದನ್ನು ಉರಿಸಲು ಮೊದಲು ಬೇರೆ ಉರಿಯಿಂದ ಕರಗಿಸಬೇಕಿತ್ತು. ಎಣ್ಣೆ ಹೇಗೋ ಕರಗುತ್ತಿತ್ತು. ನೀರೇ ನಮ್ಮನ್ನು ಕೊಂದದ್ದು. ಬಾಯ್ಲರಿಗೆ ನೀರು ಬರುತ್ತಿದ್ದದ್ದು ಕೆಳಗಿನ ಕೊರಕಲಿನಲ್ಲಿ ಉಕ್ಕುವ ಊಟೆಯಿಂದ. ಅಲ್ಲಿ ಉಗಿಯಿಂದ ನಡೆಯುವ ಒಂದು ಸಣ್ಣ ಪಂಪು. ಒಂದು ತಾಸು ಪಂಪು ನಿಂತರೆ ಅದರೊಳಗಿನ ನೀರು ಗಡ್ಡೆಕಟ್ಟಿ, ಉಬ್ಬಿ, ಬೀಡಿನ ಕಬ್ಬಿಣವನ್ನೇ ಸೀಳುತ್ತಿತ್ತು. ಎರಡು ಸಲ ಸೀಳಿತು, ಎರಡು ಸಲ ಪಟ್ಟಿ ಹಾಕಿ ಬಿಗಿದೆ. ಮೂರನೆಯ ಸಲಕ್ಕೆ ನನ್ನಲ್ಲಿ ಪಟ್ಟಿಯೂ ಇರಲಿಲ್ಲ, ಉಪಾಯವೂ ಇರಲಿಲ್ಲ.

ಉಪಾಯ ಹೇಳಿದವರು ಕಾಕಾ.

"ನಮ್ಮೂರಾಗ ಹಗೇವು ನೋಡಿದೀಯಿಲ್ಲ? ಮ್ಯಾಲೆ ಎಷ್ಟರ ಥಂಡಿ ಇರವಲ್ದ್ಯಾಕ, ಒಳಗ ಕೈ ಹಾಕಿದ್ರ ಬೆಚ್ಚಗ. ಪಂಪಿಗೆ ಒಂದ ಹಗೇವು ತಗೀಯೋಣು."

ನೆಲದೊಳಗೆ ತಗ್ಗು ತೆಗೆದು, ಸುತ್ತ ಹುಲ್ಲು ಹೊದಿಸಿ, ಸಣ್ಣ ಬಾಯಿಗೆ ಕಲ್ಲು ಮುಚ್ಚಿ ಜೋಳ ತುಂಬಿಡುವ ಹಗೇವನ್ನು ಧಾರವಾಡ ಕಡೆಯವರಿಗೆ ನಾನು ಹೇಳಿಕೊಡಬೇಕಿಲ್ಲ. ಕಾಕಾನ ತಂದೆ ಊರವರ ಹಗೇವಿಗೆ ಇಳಿದು ಕಾಳು ತುಂಬಿಕೊಡುವ ಕೆಲಸ ಮಾಡಿದವರು. ಕಲ್ಲಾದ ನೆಲದ ಮೇಲೆ ಮುಳ್ಳುಕಂಟಿ ಉರಿಸಿ, ಮೆತ್ತಗಾದಷ್ಟು ಅಗೆದು, ಮತ್ತೆ ಉರಿಸಿ, ಆರು ದಿನದಲ್ಲಿ ತಗ್ಗು ತೆಗೆದೆವು. ಪಂಪನ್ನು ಒಳಗಿಳಿಸಿ, ಕೊಳವೆಯನ್ನು ನೆಲದಡಿ ಹೂತು, ಬಾಯಿಗೆ ಹಾಸುಗಲ್ಲು ಹುಲ್ಲು ಹೊದಿಸಿದೆವು. ನೀರು ಹರಿಯಿತು! ಸಾಹೇಬ ಬಾಯಿಂದ ಪೈಪು ತೆಗೆದು ಕಾಕಾನ ಕೈ ಕುಲುಕಿದ. ಅಮ್ಮಿನಬಾವಿಯ ವಿದ್ಯೆ ಇರಾಣದಲ್ಲಿ ಗೆದ್ದಿತೆಂದು ಅವತ್ತು ನಾವಿಬ್ಬರೂ ಗೋಧಿ ಹುಗ್ಗಿ ಮಾಡಿ ತಿಂದೆವು, ಬೆಲ್ಲದ ಬದಲು ಖರ್ಜೂರ ಹಾಕಿ.

ಆ ದಿನಗಳಲ್ಲಿ ಕೂಸಿನ ಹೆಸರು ಹುಡುಕುವುದೇ ನನಗೆ ಹೊತ್ತು ಕಳೆಯುವ ದಾರಿಯಾಗಿತ್ತು. ಬಾಯ್ಲರಿನ ಹತ್ತಿರ ನಿಂತು ಒಂದೊಂದನ್ನೇ ಗಟ್ಟಿಯಾಗಿ ಕೂಗಿ ನೋಡುತ್ತಿದ್ದೆ. ಪ್ರೇಮಾ ಎನ್ನಲು ಹೋದರೆ ಮರಗಟ್ಟಿದ ತುಟಿ ಕೂಡುತ್ತಲೇ ಇರಲಿಲ್ಲ. ಪದ್ಮಾವತಿಯದೂ ಅದೇ ಗತಿ. ತುಟಿಯ ಹಂಗಿಲ್ಲದೆ ಹೊರಬಂದ ಹೆಸರು ಸರಳಾ. ಎರಡು ಸಲ ಕೂಗಿದೆ. ಹೌದು, ಇದೇ ನನ್ನ ಮಗಳು ಅನ್ನಿಸಿತು. ಅವಳನ್ನು ಎತ್ತಿಕೊಂಡು ಆ ಹೆಸರು ಹೇಳಬೇಕು, ಇಷ್ಟೇ ನನ್ನ ಆಸೆ. ಆ ಆಸೆ ಹೊಟ್ಟೆಹಸಿವಿನ ಹಾಗೆ ದಿನಕ್ಕೆ ಎರಡು ಸಲ ತಪ್ಪದೆ ಕಾಡುತ್ತಿತ್ತು.

ಟಪಾಲಿನವನು

ಹಿಮ ಸ್ವಲ್ಪ ಗಟ್ಟಿಯಾದಾಗ ಕಣಿವೆ ದಾಟಿ ಒಬ್ಬ ಟಪಾಲಿನವನು ನಡೆದು ಬಂದ. ಆ ಚಳಿಗಾಲದಲ್ಲಿ ಬಂದದ್ದು ಅವನೊಬ್ಬನೇ. ಎರಡು ದಿನ ಮಲಗಿ ಎದ್ದು ತಿರುಗಿ ಹೋಗುವವನಿದ್ದ. ನಾನು ಸಾಹೇಬನ ಎದುರು ನಿಂತೆ. ಅವನೊಡನೆ ನಡೆದು ಹೋಗುತ್ತೇನೆ, ನನ್ನ ಕರಾರು ಮುಗಿದು ಎರಡು ತಿಂಗಳಾಯಿತು ಎಂದೆ. ಪಂಪಿನ ಚರ್ಮದ ಬಿಲ್ಲೆ ಸವೆದಿತ್ತು. ಅದನ್ನು ಬದಲಿಸಿ ಪಂಪು ನಡೆಸಿಕೊಟ್ಟು ಹೋಗು, ಮುಂದಿನದನ್ನು ಮೌಲಾಸಾಬ ನೋಡಿಕೊಳ್ಳುತ್ತಾನೆ ಎಂದ ಸಾಹೇಬ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಬಿಲ್ಲೆ ಬದಲಿಸಲು ಪಂಪು ನಿಂತು ತಣ್ಣಗಾಗಬೇಕು, ಆದರೆ ಹೆಪ್ಪುಗಟ್ಟಬಾರದು. ಸಂಜೆ ಪಂಪು ನಿಲ್ಲಿಸಿದೆ. ಒಂದು ಅಗ್ಗಿಷ್ಟಿಗೆ ತುಂಬ ಹಸಿ ಇದ್ದಿಲಿಗೆ ಕಿಡಿ ಹಾಕಿ ಹಗೇವಿನೊಳಗೆ ಇಳಿಸಿ, ಕಲ್ಲು ಮುಚ್ಚಿದೆ. ಅಲ್ಲಿಯ ಮನೆಗಳಲ್ಲಿ ತಗ್ಗು ಮೇಜಿನ ಕೆಳಗೆ ಅಗ್ಗಿಷ್ಟಿಗೆ ಇಟ್ಟು, ಮೇಲೆ ರಜಾಯಿ ಹೊದಿಸಿ, ಅದರಡಿ ಕಾಲು ಚಾಚಿ ಕೂಡುತ್ತಾರೆ. ಅಲಿ ಮುರಾದನ ಮನೆಯಲ್ಲಿ ನಾನೂ ಹಾಗೆ ಕೂತಿದ್ದೆ. ಅವನ ಹೆಂಡತಿ ಇದ್ದಿಲನ್ನು ಹೊರಗೆ ಬೂದಿ ಮುಸುಕುವ ತನಕ ಉರಿಸಿ ಆಮೇಲೆ ಒಳಗೆ ತರುತ್ತಿದ್ದಳು. ನೋಡಿದ್ದೆ, ಏಕೆಂದು ಕೇಳಿರಲಿಲ್ಲ.

ಬೆಳಿಗ್ಗೆ ಕಲ್ಲು ಸರಿಸಿದೆವು. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಮುಂದೆ ಪಂಪು ನೋಡಿಕೊಳ್ಳುವವನು ನಾನೇ, ಬಿಲ್ಲೆ ನಾನೇ ಬಿಚ್ಚಿ ಕಲಿಯುತ್ತೇನೆ ಎಂದಿದ್ದ ಕಾಕಾ ಇಳಿಯಲಿಲ್ಲ.

"ತಡೀ ತಮ್ಮಾ. ಹಗೇವಿನ ಬಾಯಿ ತಗದು ಒಂದ ಹೊತ್ತ ಬಿಡಬೇಕು. ಆಮ್ಯಾಲೆ ದೀಪಾ ಇಳಿಬಿಡಬೇಕು. ದೀಪಾ ಆರಿದ್ರ ಮನಶ್ಯಾನೂ ಆರತಾನ."

ಟಪಾಲಿನವನು ಮಧ್ಯಾಹ್ನಕ್ಕೆ ಹೊರಡುವವನು. ನನಗೆ ಒಂದೊಂದು ಗಳಿಗೆಯೂ ಕೈಯಿಂದ ಜಾರುತ್ತಿತ್ತು.

"ಅದು ಜ್ವಾಳದ ಹಗೇವಿಗೆ ಕಾಕಾ. ಇದರಾಗ ಜ್ವಾಳ ಎಲ್ಲೈತಿ? ಕಾಳ ಇಲ್ಲಂದ್ರ ವಿಷದ ಗಾಳಿ ಎಲ್ಲಿಂದ ಬರತೈತಿ? ಲಗೂ ಇಳೀರಿ."

ಅವರು ನನ್ನ ಮುಖ ನೋಡಿದರು. ಊರಿಗೆ ಹೊರಟವನ ಮುಖ. "ಹೂಂ, ನಿನ್ನ ಕೂಸು ಕರ್ಯಾಕತ್ತೈತಿ" ಎಂದು ನಕ್ಕು, ಪಾನಾ ಹಿಡಿದು ಇಳಿದರು.

ಪಾನಾ ಬಿದ್ದ ಸದ್ದಾಯಿತು. ಕಾಕಾ ಎಂದೆ. ಉತ್ತರವಿಲ್ಲ. ಮತ್ತೆ ಕೂಗಿದೆ, ಇಲ್ಲ. ಆಗ ಹೊಳೆಯಿತು. ಹಸಿ ಇದ್ದಿಲು ಉರಿಯುತ್ತ ಬಿಡುವ ವಿಷದ ಗಾಳಿಯನ್ನು ಕಾಳಿನ ಬದಲು ನನ್ನ ಕೈಯಾರೆ ಅಗ್ಗಿಷ್ಟಿಗೆಯಲ್ಲಿ ಇಟ್ಟು ಮುಚ್ಚಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಲಿ ಮುರಾದ ಓಡಿಬಂದು ನನ್ನ ನಡುವಿಗೆ ಹಗ್ಗ ಕಟ್ಟಿದ. ಉಸಿರು ಬಿಗಿಹಿಡಿದು ಇಳಿದೆ. ಕಾಕಾ ಪಂಪಿನ ಮೇಲೆ ಮುಖವಿಟ್ಟು ಬಿದ್ದಿದ್ದರು. ಅವರ ತೋಳಿನಡಿ ಹಗ್ಗ ಸಿಕ್ಕಿಸಿದ್ದಷ್ಟೇ ನೆನಪು. ಮೇಲೆ ಎಳೆದವರು ಅಲಿ ಮುರಾದ ಮತ್ತು ಆ ಟಪಾಲಿನವನು, ಮೊದಲು ಕಾಕಾನನ್ನು, ಆಮೇಲೆ ನನ್ನನ್ನು.

ಹಿಮದ ಮೇಲೆ ಮಲಗಿಸಿ ಮುಖಕ್ಕೆ ಹಿಮ ತಿಕ್ಕಿದೆವು. ಎಷ್ಟೋ ಹೊತ್ತಿನ ಮೇಲೆ ಕಾಕಾ ಕೆಮ್ಮಿದರು. ನಾನು ಅವರ ಕಾಲು ಹಿಡಿದು ಅತ್ತೆ, ಸಾಹೇಬ ನೋಡುತ್ತಿದ್ದರೂ ನಾಚಿಕೆಯಾಗಲಿಲ್ಲ. ಅವರು ಕಣ್ಣು ತೆರೆದು ಆಡಿದ ಮೊದಲ ಮಾತು ಇದು:

"ನಮ್ಮಪ್ಪ ನಲವತ್ತ ವರ್ಷ ಹಗೇವಿಗೆ ಇಳದಾ, ಒಂದಿನಾ ದೀಪಾ ಬಿಟ್ಟ ಇಳೀಲಿಲ್ಲ. ನಾ ಒಂದ ದಿನಾ ನಿನ್ನ ಮಾತ ಕೇಳಿದ್ನೆಪಾ."

ಹಗೇವಿನ ಗಾಳಿ ಹೋಗುವ ತನಕ ಕಾಯ್ದು, ದೀಪ ಇಳಿಬಿಟ್ಟು ನೋಡಿ, ನಾನೇ ಇಳಿದು ಬಿಲ್ಲೆ ಹಾಕಿದೆ. ಮಧ್ಯಾಹ್ನಕ್ಕೆ ಪಂಪು ನಡೆಯಿತು. ಸಾಹೇಬ ಮಾತಿಗೆ ತಪ್ಪುವವನಲ್ಲ, ಹೋಗುವುದಾದರೆ ಹೋಗು ಎಂದ. ಟಪಾಲಿನವನು ನನಗಾಗಿ ಒಂದು ದಿನ ತಡೆದ. ಕಾಕಾ ಹಾಸಿಗೆಯಲ್ಲಿ ಎದ್ದು ಕೂತು, "ಹೋಗು ತಮ್ಮಾ, ನಾ ನೋಡ್ಕೊಂತೇನಿ, ನಾ ಏನ್ ಸತ್ತೇನೇನು" ಎಂದರು. ಹಾಗೆ ಹೇಳುತ್ತ ಚಹಾದ ಲೋಟ ಎತ್ತಿದರು. ಕೈ ನಡುಗಿ ಚಹಾ ಎಲ್ಲ ಗಡ್ಡದ ಮೇಲೆ ಚೆಲ್ಲಿತು. ಆ ಕೈಯಿಂದ ಬಾಯ್ಲರ್ ನೋಡಲಾದೀತೇ? ಅವರನ್ನು ಆ ಸ್ಥಿತಿಗೆ ತಂದವನು ನಾನು. ಬಾಯ್ಲರ್ ಆರಿದರೆ ಅದರ ಉಗಿಯಿಂದ ಬರುವ ನಮ್ಮ ಗುಡಿಸಲಿನ ಬಿಸಿಯೂ ಆರುತ್ತಿತ್ತು, ಆಮೇಲೆ ಅವರು ಬದುಕುತ್ತಿರಲಿಲ್ಲ.

ಟಪಾಲಿನವನಿಗೆ ನಾನು ಬರುವುದಿಲ್ಲ ಎಂದೆ. ಒಂದು ಪತ್ರ ಬರೆದುಕೊಟ್ಟೆ. "ಹಾದಿ ಮುಚ್ಚಿದೆ. ಬರುವುದು ಯಾವಾಗ ಆಗುತ್ತದೋ, ಆಗುತ್ತದೋ ಇಲ್ಲವೋ ತಿಳಿಯದು. ನನ್ನ ದಾರಿ ಕಾಯಬೇಡ. ನಿನ್ನ ಅಣ್ಣನಿಂದ ಹೇಳಿಸಿ ಕೂಸಿಗೆ ದೀಕ್ಷಾಸ್ನಾನ ಮಾಡಿಸು. ಹೆಸರು ಸರಳಾ." ಅವನು ಕಣಿವೆಯ ಕಡೆಗೆ ಏರುತ್ತ ಏರುತ್ತ ಸಣ್ಣದಾಗಿ, ಕಾಣದಾಗುವವರೆಗೆ ನಿಂತು ನೋಡಿದೆ. ಹೋಗಬೇಕಾದವನು ನಾನಿದ್ದೆ. ಆ ದಿನದ ದುಃಖವನ್ನು ಬೇರೆ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ಅಂದಿನಿಂದ ನನ್ನ ಮಗಳಿಗೆ ಹೆಸರಿತ್ತು. ಈಗ ಸರಳಾ ಎಂದರೆ ತಿರುಗಿ ನೋಡುತ್ತಿರಬಹುದು, ಈಗ ಸರಳಾ ಗೋಡೆ ಹಿಡಿದು ನಿಲ್ಲುತ್ತಿರಬಹುದು ಎಂದು ಕಾಕಾನ ಎದುರು ಹೇಳುತ್ತಿದ್ದೆ. ಅವರೂ ದಿನ ಬೆಳಗಾದರೆ "ಏನಂತಾಳೋ ನಮ್ಮ ಸರಳವ್ವ?" ಎನ್ನುತ್ತಿದ್ದರು. ಹೀಗೆ ಹಿಮ ಕರಗಿತು. ಬಾವಿಯಲ್ಲಿ ಕೊನೆಗೆ ಸಿಕ್ಕದ್ದು ಉಪ್ಪುನೀರು. ಸಾಹೇಬ ಒಂದು ಚಮಚೆ ರುಚಿ ನೋಡಿ ಉಗುಳಿ, ಎಲ್ಲರೂ ಇಳಿಯಿರಿ ಎಂದ.

ಹುಬ್ಬಳ್ಳಿ

ಮುಂಬಯಿಯಲ್ಲಿ ತಾರು ಕೊಡಬಹುದಿತ್ತು. ಗಾಡಿ ಹೊರಡುವುದರಲ್ಲಿತ್ತು, ತಾರು ಬಿಟ್ಟು ಗಾಡಿ ಹಿಡಿದೆ. ಕಾಕಾ ಧಾರವಾಡದಲ್ಲೇ ಇಳಿದು, ನನ್ನ ತಲೆಯ ಮೇಲೆ ಕೈಯಿಟ್ಟು, ಅಮ್ಮಿನಬಾವಿಯ ಕಡೆ ಹೋಗುವ ಚಕ್ಕಡಿ ಹುಡುಕುತ್ತ ಹೋದರು. ನಾನು ಹುಬ್ಬಳ್ಳಿಯಲ್ಲಿ ಇಳಿದು, ಟ್ರಂಕು ಹೊತ್ತು ಮನೆಗೆ ನಡೆದೆ. ವೈಶಾಖದ ಬಿಸಿಲು. ಬೆನ್ನು ಸುಡುತ್ತಿತ್ತು, ಸುಡಲಿ ಎನ್ನಿಸಿತು.

ರಾಹೇಲ ಅಂಗಳದಲ್ಲಿ ಶ್ಯಾವಿಗೆ ಒಣಹಾಕುತ್ತಿದ್ದಳು. ನೆರಳಿನಲ್ಲಿ ಒಂದು ಹುಡುಗಿ ಕಾಲು ಚಾಚಿ ಕೂತು ಹಿಟ್ಟಿನ ಉಂಡೆ ಬಾಯಿಗಿಡುತ್ತಿತ್ತು. ಮೂಗು ನನ್ನದೇ.

"ಸರಳಾ!" ಎಂದೆ.

ಮಗು ತಿರುಗಲಿಲ್ಲ. ತಿರುಗಿದ್ದು ರಾಹೇಲ. ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ನನ್ನನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು.

"ಯಾರ್ರಿ ಅಕಿ ಸರಳಾ?"

"ಅಂದ್ರ... ಕೂಸು. ಪತ್ರ ಬರಲಿಲ್ಲೇನು?"

"ಯಾವ ಪತ್ರ? ದೀಪಾವಳಿಗೆ ಹೊರಟೇನಿ ಅಂತ ಕಾರ್ಡ ಹಾಕಿದ್ರಿ. ಅದ ಕಡೀದು. ಆಮ್ಯಾಲೆ ಒಂದ ಅಕ್ಷರ ಇಲ್ಲ."

ಟ್ರಂಕು ಇಳಿಸಿ ಕಟ್ಟೆಯ ಮೇಲೆ ಕೂತೆ. ಆರು ತಿಂಗಳು. ಹೊರಟೆ ಎಂದು ಬರೆದವನು ಬರಲಿಲ್ಲ, ಸತ್ತನೋ ಬದುಕಿದನೋ ತಿಳಿಯಲಿಲ್ಲ. ನಾನು ಅಲ್ಲಿ ದಿನವೂ ಸರಳಾ ಸರಳಾ ಎಂದು ಮಾತಾಡುತ್ತಿದ್ದಾಗ ಇಲ್ಲಿ ಇವಳು ಹೀಗೆ ಇದ್ದಳು.

"ಕೂಸಿಗೆ ಇನ್ನೂ ಹೆಸರ ಇಟ್ಟಿಲ್ಲ?"

"ಅಯ್ಯನೋರು ಎರಡ ಸಲ ಮನೀಗೆ ಬಂದಿದ್ರು. ಅಣ್ಣನೂ ಹೇಳಿದಾ, ಇನ್ನ ಎಷ್ಟ ದಿನಾ ಕಾಯ್ತೀ, ಮಾಡಿ ಮುಗಿಸಿಬಿಡು ಅಂತ. ನಾ ಒಲ್ಲೆ ಅಂದೆ." ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸತೊಡಗಿದಳು, ಒರೆಸುತ್ತಲೇ ಇದ್ದಳು. "ಹೆಸರ ಇಟ್ಟಿದ್ರ, ನೀವು ಬರೂದಿಲ್ಲಂತ ನಾನ ಒಪ್ಪಿಕೊಂಡಂಗ ಆಗ್ತಿತ್ತಲ್ಲರಿ."

ನಾನು ತಲೆ ತಗ್ಗಿಸಿದೆ.

"ಆ ಪತ್ರದಾಗ ಏನ್ ಬರದಿದ್ರಿ?"

ಸುಳ್ಳು ಹೇಳಬಹುದಿತ್ತು. ಆಗಲಿಲ್ಲ. "ನನ್ನ ದಾರಿ ಕಾಯಬ್ಯಾಡಾ ಅಂತ ಬರದಿದ್ದೆ."

ರಾಹೇಲ ಶ್ಯಾವಿಗೆಯ ಮೇಲೆ ಬಟ್ಟೆ ಮುಚ್ಚಿದಳು. ಆಮೇಲೆ ಹೋಗಿ ಕೂಸನ್ನು ಎತ್ತಿಕೊಂಡು ಬಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಅದು ನನ್ನ ಗಡ್ಡ ನೋಡಿ ಅಳಲು ಸುರುಮಾಡಿತು.

"ಆ ಪತ್ರ ಬರಲಿಲ್ಲಲ್ಲ, ಛಲೋ ಆತು ಬಿಡ್ರಿ" ಎಂದಳು.